ಅಡುಗೆಮನೆಯ ಕೆಳಗೊಂದು ಗರಡಿ

ಜರ್ಮನಿಯ ಡಾರ್ಮ್‌ಸ್ಟಾಟ್‌ನ ಆ ಮನೆಯ ನೆಲ ವಾರಕ್ಕೆ ನಾಲ್ಕು ಸಂಜೆ ನಡುಗುತ್ತಿತ್ತು. ಮಂಗಳವಾರ, ಗುರುವಾರ ಮಕ್ಕಳ ತರಗತಿ. ಆಗಿನ ನಡುಕ ಸಣ್ಣದು, ಕಪಾಟಿನ ಲೋಟಗಳು ಒಂದಕ್ಕೊಂದು ತಾಕಿ ಸುಮ್ಮನಾಗುವಷ್ಟು. ಬುಧವಾರ, ಶುಕ್ರವಾರ ದೊಡ್ಡವರದು. ಆಗ ಮೂವತ್ತು ಜನ ಒಟ್ಟಿಗೆ ಕಾಲು ಅಪ್ಪಳಿಸುತ್ತಿದ್ದರು, ಒಲೆಯ ಮೇಲಿನ ಸಾರಿನಲ್ಲಿ ಉಂಗುರ ಏಳುತ್ತಿತ್ತು. ನಮ್ಮ ಅಡುಗೆಮನೆಯ ಹಲಗೆ ನೆಲದ ಕೆಳಗೆ ಚೀನೀ ಯುದ್ಧಕಲೆಯ ಶಾಲೆಯೊಂದಿತ್ತು. ಹಿಂದೊಮ್ಮೆ ಮುದ್ರಣಾಲಯವಾಗಿದ್ದ ಉದ್ದನೆಯ ಕೋಣೆ, ಒಳ ಅಂಗಳಕ್ಕೆ ತೆರೆಯುವ ಬಾಗಿಲು, ಬಾಗಿಲ ಮೇಲೆ ಬಣ್ಣ ಉದುರಿದ ಕೆಂಪು ಅಕ್ಷರಗಳು. ಅವ್ವ ಮೊದಲ ದಿನವೇ ಅದನ್ನು ಗರಡಿ ಎಂದು ಕರೆದಳು. ಮನೆಯಲ್ಲಿ ಅದಕ್ಕೆ ಬೇರೆ ಹೆಸರು ಬರಲೇ ಇಲ್ಲ. ಆ ಸದ್ದಿನಿಂದಾಗಿಯೇ ಮನೆ ನಮಗೆ ಸಿಕ್ಕಿದ್ದು. ಬೇರೆಯವರು ಬಂದು ನೋಡಿ, ನಡುಗಿದ ನೆಲದ ಮೇಲೆ ಒಂದು ನಿಮಿಷ ನಿಂತು, ಹೊರಟುಹೋಗುತ್ತಿದ್ದರಂತೆ. ಮನೆ ಹುಡುಕುವಾಗ ಲೆಕ್ಕ ಇಡಲೆಂದು ಅಪ್ಪ ನನಗೊಂದು ಚೌಕುಳಿ ಹಾಳೆಯ ಹೆಫ್ಟ್, ಅಂದರೆ ನೋಟುಪುಸ್ತಕ, ಕೊಟ್ಟಿದ್ದ. ಅದರ ಮೊದಲ ಪುಟ ಈಗಲೂ ನನ್ನ ಬಳಿ ಇದೆ: ನೋಡಿದ ಮನೆ ಹದಿನೇಳು, ಉತ್ತರ ಬಂದದ್ದು ಮೂರು, ಸಿಕ್ಕಿದ್ದು ಒಂದು. ಆಗ ನನಗೆ ಹತ್ತು ವರ್ಷ. ಅಂದು ಹಿಡಿದ ಲೆಕ್ಕದ ಚಟ ಇಪ್ಪತ್ತೇಳರಲ್ಲೂ ಬಿಟ್ಟಿಲ್ಲ. ಆ ಹೆಫ್ಟ್‌ಗಳನ್ನು ಈಗ ಒಂದರ ಮೇಲೊಂದು ಇಟ್ಟುಕೊಂಡು ಓದಿದರೆ, ಆ ಹುಡುಗಿಯ ಬಗ್ಗೆ ಹೆಮ್ಮೆಯಾಗುವುದಿಲ್ಲ. ಅವಳು ಇಷ್ಟೆಲ್ಲ ಎಣಿಸಿದ್ದಕ್ಕೆ ಸುಸ್ತಾಗುತ್ತದೆ.

ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯೇ ದೊಡ್ಡದಾಗಿದ್ದರಿಂದ ನಾವು ಅಲ್ಲೇ ಬದುಕಿದೆವು. ಅಪ್ಪನ ಕೆಲಸ ದೂರದ ರೆನ್ನಿಂಗೆನ್ ಊರಿನಲ್ಲಿ. ಅಲ್ಲಿ ಇನ್ನಿಬ್ಬರು ಕನ್ನಡದವರ ಜೊತೆ ಕೋಣೆ ಮಾಡಿಕೊಂಡು, ಶುಕ್ರವಾರ ರಾತ್ರಿ ಬಂದು ಭಾನುವಾರ ಸಂಜೆ ಹೋಗುತ್ತಿದ್ದ. ಬಂದ ಕೂಡಲೇ ಶೂ ಬಿಚ್ಚುವ ಮುಂಚೆ ಕುರ್ಚಿಯ ಮೇಲೆ ಕೂತು ಐದು ನಿಮಿಷ ಕಣ್ಣು ಮುಚ್ಚುತ್ತಿದ್ದ. ನಾವು ಆ ಐದು ನಿಮಿಷ ಮಾತಾಡಿಸುತ್ತಿರಲಿಲ್ಲ. ಉಳಿದ ದಿನಗಳು ಅವ್ವನವು. ಹಾವೇರಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು, ಇಲ್ಲಿ ಬೆಳಿಗ್ಗೆ ಜರ್ಮನ್ ಕೋರ್ಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದು ಕೋಟನ್ನು ಬಾಗಿಲಿಗೆ ನೇತುಹಾಕಿ, ಕೋಟಿನ ಜೊತೆ ತಾನೂ ನೇತುಬಿದ್ದ ಹಾಗೆ ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಹಾವೇರಿಯ ಕಡೆ ನಮ್ಮಂಥ ಮುಸ್ಲಿಂ ಮನೆಗಳಲ್ಲಿ ಕನ್ನಡವೇ ಮನೆಮಾತು. ನಮಾಜಿನ ಮಾತು ಬೇರೆ, ಜಗಳದ ಮಾತು ಕನ್ನಡ. ಭಾನುವಾರ ಬೆಳಿಗ್ಗೆ ಅವ್ವ ನನಗೆ ಕನ್ನಡ ಬರೆಸುತ್ತಿದ್ದಳು, ಒತ್ತಕ್ಷರ ತಪ್ಪಿದರೆ ಪುಟ ಪೂರ್ತಿ ಮತ್ತೆ. ನಾನು ಜರ್ಮನ್‌ನಲ್ಲಿ ಉತ್ತರ ಕೊಟ್ಟರೆ ಕೇಳಿಸದವಳ ಹಾಗೆ ಇರುತ್ತಿದ್ದಳು.

ಕೆಳಗಿನ ಶಾಲೆಯನ್ನು ನಡೆಸುತ್ತಿದ್ದವರು ಫ್ರೌ ಗಾವ್, ಅಂದರೆ ಶ್ರೀಮತಿ ಗಾವ್. ಅರವತ್ತರ ಆಸುಪಾಸಿನ ಚೀನೀ ಹೆಂಗಸು, ಗಿಡ್ಡ ಕೂದಲು, ಎಡ ಮೊಣಕಾಲಿಗೆ ಯಾವಾಗಲೂ ಬಟ್ಟೆಯ ಪಟ್ಟಿ. ವಿದ್ಯಾರ್ಥಿಗಳು ಅವರನ್ನು ಶಿಫು ಅನ್ನುತ್ತಿದ್ದರು, ಗುರು ಎಂಬ ಅರ್ಥದಲ್ಲಿ. ನಾವು ಬಂದು ತಿಂಗಳೂ ಆಗಿರಲಿಲ್ಲ, ಒಂದು ಸಂಜೆ ಅವರು ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಊರಿನಿಂದ ಸೂಟ್‌ಕೇಸಿನಲ್ಲಿ ಬಂದ ಜೋಳದ ಹಿಟ್ಟು, ಮರದ ಹಲಗೆ, ಅಂಗೈಯ ಪಟಪಟ ಸದ್ದು. ದೂರು ಬಂತು ಎಂದು ಅವ್ವ ಹಿಟ್ಟಿನ ಕೈಯಲ್ಲೇ ಕ್ಷಮೆ ಕೇಳಲು ಶುರುಮಾಡಿದಳು. ಅವಳಿಗೆ ಬಾಯಿಪಾಠವಾಗಿದ್ದ ಜರ್ಮನ್ ವಾಕ್ಯ ಅದೊಂದೇ. ಶಿಫು ಅದನ್ನು ಕೇಳಿಸಿಕೊಳ್ಳದೆ ಹಲಗೆಯ ಬಳಿ ಹೋಗಿ, ಇನ್ನೊಮ್ಮೆ ಮಾಡು ಎಂದು ಕೈಸನ್ನೆ ಮಾಡಿದರು. ಅವ್ವ ಬಡಿದಳು. ಶಿಫು ಅವಳ ಭುಜದ ಮೇಲೆ ಎರಡು ಬೆರಳಿಟ್ಟು ಪೂರ್ತಿ ರೊಟ್ಟಿ ಮುಗಿಯುವವರೆಗೆ ನಿಂತರು. ಆಮೇಲೆ ನನ್ನ ಕಡೆ ತಿರುಗಿ ತಮ್ಮ ಮುರುಕು ಜರ್ಮನ್‌ನಲ್ಲಿ ಹೇಳಿದರು:

"ಅಮ್ಮನಿಗೆ ಹೇಳು. ಭುಜ ಸುಮ್ಮನಿದೆ, ಕೈ ಕೆಲಸ ಮಾಡುತ್ತಿದೆ. ನನ್ನವರಿಗೆ ಇದನ್ನು ಹನ್ನೆರಡು ವರ್ಷದಿಂದ ಹೇಳುತ್ತಿದ್ದೇನೆ."

ಶೇಂಗಾ ಚಟ್ನಿ ಹಚ್ಚಿದ ಒಂದು ರೊಟ್ಟಿಯನ್ನು ನಿಂತೇ ತಿಂದರು, ಕೆಮ್ಮಿದರು, ಇನ್ನೊಂದು ಕೇಳಿದರು. ಹೋಗುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಂಗಳವಾರ ಐದು ಗಂಟೆ ಎಂದರು. ಅವ್ವ ಬೇಡ ಅನ್ನಲಿಲ್ಲ. ಟ್ರಾಮ್ ಹತ್ತಬೇಕಿಲ್ಲ, ರಸ್ತೆ ದಾಟಬೇಕಿಲ್ಲ, ಮಗಳ ಕಾಲಿನ ಸದ್ದು ಅಡುಗೆಮನೆಗೇ ಕೇಳಿಸುತ್ತದೆ. ಅಂದಿನಿಂದ ವಾರಕ್ಕೊಮ್ಮೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ರೊಟ್ಟಿ ಕೆಳಗೆ ಹೋಗುತ್ತಿತ್ತು. ಅದೇ ಬಟ್ಟೆಯಲ್ಲಿ ಶುಂಠಿಯೋ ಕಿತ್ತಳೆಯೋ ಮೇಲೆ ಬರುತ್ತಿತ್ತು. ಇಬ್ಬರ ಜರ್ಮನ್ ಸೇರಿದರೂ ಒಂದು ಪೂರ್ತಿ ಮಾತುಕತೆ ಆಗುತ್ತಿರಲಿಲ್ಲ. ಆದರೂ ಕೋರ್ಸಿನಲ್ಲಿದ್ದ ಯಾರಿಗಿಂತಲೂ ಅವ್ವ ಶಿಫು ಜೊತೆ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಮೆಟ್ಟಿಲಿನಲ್ಲಿ ಇಬ್ಬರೂ ಗೋಡೆಗೆ ಒರಗಿ, ಒಬ್ಬಳು ಮೊಣಕಾಲು ತೋರಿಸಿ, ಇನ್ನೊಬ್ಬಳು ಸೊಂಟ ತೋರಿಸಿ ನಿಟ್ಟುಸಿರು ಬಿಡುತ್ತಿದ್ದರು.

ಹಗಲಿನ ಶಾಲೆಯಲ್ಲಿ ನಾನು ಹಿಂದುಳಿದವಳು. ಎಲ್ಲರೂ ನಕ್ಕು ಮುಗಿಸಿದ ಮೇಲೆ ನನಗೆ ಹಾಸ್ಯ ಅರ್ಥವಾಗುತ್ತಿತ್ತು. ಕೆಳಗಿನ ಗರಡಿಯಲ್ಲಿ ಹಾಗಿರಲಿಲ್ಲ. ಅಲ್ಲಿ ಎಣಿಕೆ ಚೀನೀ ಭಾಷೆಯಲ್ಲಿ, ಆಜ್ಞೆಗಳೂ ಅದರಲ್ಲೇ. ಜರ್ಮನ್ ಮಕ್ಕಳೂ ನನ್ನಷ್ಟೇ ತಪ್ಪಾಗಿ ಉಚ್ಚರಿಸುತ್ತಿದ್ದರು. ನನಗಿಂತ ಒಂದು ವರ್ಷ ದೊಡ್ಡವಳಾದ ಲೇನಾ ನನ್ನ ಜೋಡಿ. ಅವಳೂ ನಾನೂ ಒಂದೇ ಮಟ್ಟದ ದಡ್ಡರು ಎಂಬುದು ಮೊದಲ ವಾರವೇ ಗೊತ್ತಾಗಿ, ಆ ದೇಶದಲ್ಲಿ ಮೊದಲ ಬಾರಿಗೆ ನನಗೆ ಚೆನ್ನಾಗಿ ಹಸಿವಾಯಿತು. ಹೆಚ್ಚು ಹೊತ್ತು ನಾವು ಮಾಡುತ್ತಿದ್ದದ್ದು ಸುಮ್ಮನೆ ನಿಲ್ಲುವುದು. ಕುದುರೆಯ ಮೇಲೆ ಕೂತವರ ಹಾಗೆ ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟು, ತೊಡೆ ಉರಿಯುವವರೆಗೆ. ಒದೆಯುವುದು, ಹಾರುವುದು ತಿಂಗಳುಗಟ್ಟಲೆ ಇಲ್ಲ. ಒಂದು ಸಾಲು ಮುಂದೆ, ಒಂದು ಸಾಲು ಹಿಂದೆ. ಮುಂದಿನ ಸಾಲಿನವರು ಶಿಫು ಕೈಗೆ ಚಹಾ ಕೊಟ್ಟು ಶಿಷ್ಯರಾದವರು. ಅವರಿಗೆ ಬಾಗಿಲು ಮುಚ್ಚಿದ ಮೇಲೂ ಪಾಠ ಇತ್ತು. ಕೋಲು, ಖಡ್ಗ, ಶಿಫು ತಮ್ಮ ಅಪ್ಪನಿಂದ ಕಲಿತ ಪಟ್ಟುಗಳು. ನಾವು ಹಿಂದಿನವರು ಮೆಟ್ಟಿಲ ಮೇಲೆ ಶೂ ಹಾಕಿಕೊಳ್ಳುವ ನೆಪದಲ್ಲಿ ಕೂತು ಆ ಸದ್ದು ಕೇಳುತ್ತಿದ್ದೆವು. ನನಗೆ ಆ ಮುಂದಿನ ಸಾಲು ಬೇಕಿತ್ತು. ಆ ವಯಸ್ಸಿನಲ್ಲಿ ಬೇರೆ ಏನು ಬೇಕಿತ್ತು ಎಂದು ಹೆಫ್ಟ್‌ಗಳಲ್ಲಿ ಹುಡುಕಿದೆ, ಸಿಗಲಿಲ್ಲ.

ಪ್ರತಿ ತರಗತಿಯ ನಂತರ ಬರೆದಿಡುತ್ತಿದ್ದೆ. ವಾರ, ನಿಂತ ನಿಮಿಷ, ಶಿಫು ಭುಜ ತಿದ್ದಿದ್ದು ಎಷ್ಟು ಸಲ, ಲೇನಾ ಬಿದ್ದದ್ದು, ನಾನು ಬಿದ್ದದ್ದು. ಕೊನೆಯ ಕಾಲಮು, ಬಾಗಿದ್ದು. ಬಾಗುವುದನ್ನು ಯಾಕೆ ಎಣಿಸಿದೆನೋ ಗೊತ್ತಿಲ್ಲ, ಎಣಿಸಬಹುದಾದದ್ದನ್ನು ಬಿಡಲಾಗುತ್ತಿರಲಿಲ್ಲ. ಶಾಲೆಯಲ್ಲಿ ಯಾರೂ ಓದಬಾರದೆಂದು ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ಆರು ನೂರು ಮಕ್ಕಳ ಶಾಲೆಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಎಂಬ ಧೈರ್ಯ. ನಾನು ಶಾಲೆಯ ಮಕ್ಕಳಿಂದ ಬಚ್ಚಿಡುವುದರಲ್ಲಿ ಎಷ್ಟು ಮುಳುಗಿದ್ದೆನೆಂದರೆ, ಆ ಊರಿನಲ್ಲಿ ಅದನ್ನು ಸರಾಗವಾಗಿ ಓದಬಲ್ಲ ಒಬ್ಬಳೇ ಒಬ್ಬಳು ದಿನಾ ನನ್ನ ಹಾಸಿಗೆ ಮಡಿಸುತ್ತಾಳೆ ಎಂಬುದು ತಲೆಗೆ ಬರಲೇ ಇಲ್ಲ. ಒಂದು ಮಧ್ಯಾಹ್ನ ಮನೆಗೆ ಬಂದಾಗ ಹೆಫ್ಟ್ ಊಟದ ಮೇಜಿನ ಮೇಲೆ ತೆರೆದಿತ್ತು. ಅವ್ವ ಎರಡು ಕಡೆ ಕಾಗುಣಿತ ತಿದ್ದಿದ್ದಳು, ಅಭ್ಯಾಸಬಲ. ಮುಖದಲ್ಲಿ ಸಿಟ್ಟಿರಲಿಲ್ಲ.

"ಇಪ್ಪತ್ತಮೂರು ಸಲ. ಯಾರಿಗೆ ಬಾಗೀದಿ?"

"ಬಾಗಲಿಗೆ ಎರಡು. ಫೋಟೋಕ್ಕ ಎರಡು. ಶಿಫುಗೆ ನಾಕು. ಉಳದದ್ದು ಲೇನಾಗ."

"ಫೋಟೋಕ್ಕ."

"ಎಲ್ಲಾರೂ ಮಾಡ್ತಾರವ್ವ. ದಸ್ ಇಸ್ಟ್ ನೂರ್ ರೆಸ್ಪೆಕ್ಟ್."

"ಕನ್ನಡದಾಗ ಬರದೀಯಲ್ಲ, ಕನ್ನಡದಾಗ ಹೇಳು."

ಅದು ಬರೀ ಗೌರವ ಎಂದು ಹೇಳಬೇಕಿತ್ತು, ಗೌರವ ಎಂಬ ಪದ ಗೊತ್ತಿತ್ತು. ಆ ಹೊತ್ತಿಗೆ ಬರಲಿಲ್ಲ. ಗರಡಿಯ ಕೊನೆಯ ಗೋಡೆಯ ಮೇಲೆ ಶಿಫು ಅವರ ಅಪ್ಪನದೊಂದು ಕಪ್ಪುಬಿಳುಪು ಫೋಟೋ ಇತ್ತು, ಕೆಳಗೆ ಊದುಬತ್ತಿಯ ಬೂದಿ ತುಂಬಿದ ಬಟ್ಟಲು. ತರಗತಿಯ ಆರಂಭದಲ್ಲಿ, ಕೊನೆಯಲ್ಲಿ ನಾವು ಅದರ ಮುಂದೆ ಸೊಂಟದವರೆಗೆ ಬಾಗುತ್ತಿದ್ದೆವು. ಅವ್ವ ಎಷ್ಟೋ ಸಲ ಮೆಟ್ಟಿಲವರೆಗೆ ಬಂದಿದ್ದರೂ ಒಳಗೆ ಬಂದಿರಲಿಲ್ಲ. ನಮ್ಮ ತಲೆ ಬಾಗುವುದು ಒಬ್ಬನ ಮುಂದೆ ಮಾತ್ರ ಎಂದು ನನಗೆ ನಡೆಯಲು ಬಂದಾಗಿನಿಂದ ಹೇಳಿಕೊಂಡು ಬಂದವಳು ಅವಳು. ಆ ಶನಿವಾರ ಅಪ್ಪನಿಗೂ ಅವಳಿಗೂ ಜಗಳ ಬೆಳಿಗ್ಗೆ ಚಹಾಕ್ಕೆ ಶುರುವಾಗಿ, ಬಟ್ಟೆ ಒಗೆಯಲು ನೆಲಮಾಳಿಗೆಗೆ ಹೋಗುವಾಗ ನಿಂತು, ಬಟ್ಟೆ ಒಣಹಾಕುವಾಗ ಮತ್ತೆ ಹತ್ತಿಕೊಂಡಿತು. ಇದು ಬರೀ ಗ್ರೀಟಿಂಗ್, ಇಲ್ಲಿ ಕೈ ಕುಲುಕಿದ ಹಾಗೆ, ಆಫೀಸಿನಲ್ಲಿ ತಾನೂ ದಿನಕ್ಕೆ ಹತ್ತು ಜನಕ್ಕೆ ತಲೆ ಆಡಿಸುತ್ತೇನೆ ಎಂದು ಅಪ್ಪ ವಾದಿಸಿದ. ಹುಡುಗಿಗೆ ಇರುವುದು ಅದೊಂದೇ ಜಾಗ ಎಂದೂ ಹೇಳಿದ. ಅವ್ವ ಒದ್ದೆ ಬೆಡ್‌ಶೀಟಿನ ಒಂದು ತುದಿ ಅವನ ಕೈಗೆ ಕೊಟ್ಟು, ಹಿಂಡುತ್ತ ಹೇಳಿದಳು:

"ನೀವು ವಾರಕ್ಕ ಎರಡು ದಿನ ಇರ್ತೀರಿ. ಎರಡು ದಿನದಾಗ ಎಲ್ಲಾ ಬರೀ ಗ್ರೀಟಿಂಗ್ ಅನಸ್ತೈತಿ. ಐದು ದಿನ ಇಕೀನ್ನ ಕಾಯಾಕಿ ನಾನು."

ಅಪ್ಪ ಬೆಡ್‌ಶೀಟ್ ಹಿಂಡಿದ. ನನ್ನ ಗರಡಿ ನಿಂತಿತು.

ಹನ್ನೊಂದು ವಾರ, ಇಪ್ಪತ್ತೆರಡು ತರಗತಿ. ರೊಟ್ಟಿ ಕೆಳಗೆ ಹೋಗುವುದೂ ನಿಂತಿತು. ಮಂಗಳವಾರ, ಗುರುವಾರ ಐದು ಗಂಟೆಗೆ ನಾನು ಅಡುಗೆಮನೆಯ ಹಲಗೆಗೆ ಕಿವಿ ಹಚ್ಚಿ ಮಲಗುತ್ತಿದ್ದೆ. ಅತ್ತು ಹಟ ಮಾಡಲಿಲ್ಲ. ಕೆಳಗಿನ ಎಣಿಕೆ ಕೇಳಿ ನಿಂತ ನಿಮಿಷ ಬರೆದುಕೊಳ್ಳುತ್ತಿದ್ದೆ, ಅಷ್ಟೆ. ಅವ್ವ ನನ್ನನ್ನು ದಾಟಿಕೊಂಡೇ ಒಲೆಗೂ ಸಿಂಕಿಗೂ ಓಡಾಡುತ್ತಿದ್ದಳು. ಏಳು ಎಂದು ಒಮ್ಮೆಯೂ ಹೇಳಲಿಲ್ಲ. ಇಪ್ಪತ್ತೆರಡನೆಯ ತರಗತಿಯ ದಿನ ದಾಟುವಾಗ ಅವಳ ಕಾಲು ನನ್ನ ಹೆಫ್ಟಿನ ಮೇಲೆ ಬಿತ್ತು. ಬಗ್ಗಿ ಅದನ್ನೆತ್ತಿ, ಧೂಳು ಒರೆಸಿ, ಕಣ್ಣಿಗೊತ್ತಿಕೊಂಡಳು. ಆಮೇಲೆ ಒಲೆ ಆರಿಸಿ, ತಲೆಗೆ ಬಟ್ಟೆ ಸರಿಮಾಡಿಕೊಂಡು, ನಡಿ ಎಂದಳು.

ತರಗತಿ ಮುಗಿದಿತ್ತು. ಶಿಫು ಕಚೇರಿಯ ಸಣ್ಣ ಒಲೆಯ ಮೇಲೆ ಗಂಜಿ ಕುದಿಸುತ್ತಿದ್ದರು. ನಾನು ನಡುವೆ ನಿಂತು ಎರಡೂ ಕಡೆಯ ಮಾತನ್ನು ಸಾಗಿಸಿದೆ. ಅವ್ವ ಹೇಳಿದ್ದು ಇಷ್ಟೇ: ನನ್ನ ಮಗಳು ನಿಮ್ಮನ್ನು ಗೌರವಿಸುತ್ತಾಳೆ, ನಾನೂ ಗೌರವಿಸುತ್ತೇನೆ, ಆದರೆ ತಲೆ ಬಾಗಿಸಲು ಬಿಡಲಾರೆ. ಶಿಫು ಗಂಜಿ ತಿರುವಿ ಒಲೆ ಸಣ್ಣಗೆ ಮಾಡಿದರು. ಆಮೇಲೆ ತಮ್ಮ ಬಲ ಮುಷ್ಟಿಯನ್ನು ಎಡ ಅಂಗೈಗೆ ಒತ್ತಿ, ನೆಟ್ಟಗೆ ನಿಂತು ತೋರಿಸಿದರು.

"ಕೈ ಸಾಕು. ತಲೆ ಅವಳದು. ಆದರೆ ಚಹಾದ ದಿನ ಹಾಗಲ್ಲ. ಆ ದಿನ ನನ್ನದಲ್ಲ, ನನ್ನ ಅಪ್ಪನದು. ಅದನ್ನು ಬಿಟ್ಟುಕೊಡುವ ಅಧಿಕಾರ ನನಗಿಲ್ಲ."

ನಾನು ಅದನ್ನು ಕನ್ನಡಕ್ಕೆ ತಂದು ಹೇಳಿದಾಗ ಅವ್ವ ತಲೆಯಾಡಿಸಿದಳು. ಅವಳಿಗೆ ಆ ಉತ್ತರ ಬೇರೆ ಯಾರಿಗಿಂತ ಚೆನ್ನಾಗಿ ಅರ್ಥವಾಯಿತು ಅನಿಸುತ್ತದೆ.

ಹೀಗೆ ಮೂರು ವರ್ಷ ಸಾಗಿತು. ಎಲ್ಲರೂ ಬಾಗುವಾಗ ನಾನೊಬ್ಬಳು ಮುಷ್ಟಿ ಒತ್ತಿ ನೆಟ್ಟಗೆ ನಿಲ್ಲುತ್ತಿದ್ದೆ, ಬಾಗಲಾರದ ಮೂಳೆಯ ಹಾಗೆ. ಹೊಸಬರು ನನ್ನನ್ನು ಸೊಕ್ಕಿನವಳು ಅಂದುಕೊಂಡು ಆಮೇಲೆ ಮರೆಯುತ್ತಿದ್ದರು. ಹದಿನಾಲ್ಕಕ್ಕೆ ನನ್ನ ಕುದುರೆ ನಿಲುವು ಅರ್ಧ ಗಂಟೆ ಮುಟ್ಟಿತು. ಶಿಫು ಮೊಣಕಾಲು ಕೆಟ್ಟು ಕುರ್ಚಿಯಿಂದಲೇ ಪಾಠ ಮಾಡತೊಡಗಿದ್ದರು. ಹೊಸಬರ ಭುಜ ತಿದ್ದಲು ನನ್ನನ್ನು ಕಳಿಸುತ್ತಿದ್ದರು. ಆ ಚಳಿಗಾಲ ಬಾಗಿಲ ಪಕ್ಕದ ಹಲಗೆಯ ಮೇಲೆ, ಮೂರು ತಿಂಗಳ ನಂತರದ ಒಂದು ಭಾನುವಾರದ ಚಹಾಕ್ಕೆ ನಾಲ್ಕು ಹೆಸರು ಬರೆದರು. ಇಬ್ಬರು ದೊಡ್ಡವರು, ಲೇನಾ, ನಾಲ್ಕನೆಯದು ನನ್ನದು. ಹೆಸರು ಅಳಿಸಿ ಎಂದು ಹೇಳಲು ಹೋದೆ. ಶಿಫು ನನ್ನ ಮುಖ ನೋಡದೆ, ಕರೆಯುವುದು ನನ್ನ ಕೆಲಸ, ಬರುವುದು ಬಿಡುವುದು ನಿನ್ನದು ಎಂದರು.

ಮನೆಯಲ್ಲಿ ನಾನು ಕೇಳಲಿಲ್ಲ. ಲೇನಾ ಮೆಟ್ಟಿಲಲ್ಲಿ ಸಿಕ್ಕಾಗ ಅವ್ವನಿಗೆ ಖುಷಿಯಿಂದ ಹೇಳಿಬಿಟ್ಟಿದ್ದಳು. ಮೂರು ತಿಂಗಳು ಅವ್ವ ಆ ಭಾನುವಾರವನ್ನು ಬೆನ್ನ ಮೇಲೆ ಹೊತ್ತುಕೊಂಡು ತಿರುಗಿದಳು. ಹಾವೇರಿಯ ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿದಳು, ಅಲ್ಲಿಂದ ಬಂದದ್ದು ಒಂದೇ ಮಾತು, ಬೇಡ. ಕೋರ್ಸಿನ ಟರ್ಕಿ ಗೆಳತಿಯನ್ನು ಕೇಳಿದಳು, ಅವಳು ಮನಸ್ಸಿನಲ್ಲಿರುವುದು ಮುಖ್ಯ ಎಂದಳು. ಅಪ್ಪನನ್ನು ಕೇಳಿದಳು, ಅವನು ಈ ಸಲ ವಾದಿಸದೆ, ನೀ ಹೇಳಿದ ಹಾಗೆ ಎಂದ. ಅದರಿಂದ ಅವಳಿಗೆ ಇನ್ನೂ ಭಾರವಾಯಿತು. ನಮಾಜಿನ ನಂತರ ಮೊದಲಿಗಿಂತ ಹೆಚ್ಚು ಹೊತ್ತು ಕೂತಿರುತ್ತಿದ್ದಳು. ಉಪ್ಪು ಎರಡು ಸಲ ಹಾಕುತ್ತಿದ್ದಳು, ಇಲ್ಲವೇ ಹಾಕುತ್ತಲೇ ಇರಲಿಲ್ಲ. ಹಿಂದಿನ ದಿನ, ಶನಿವಾರ, ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಹೋಗು. ಬಾಗು. ನಂಗ ಸಾಕಾಗೈತಿ."

"ಅವ್ವಾ..."

"ಸಾಕಾಗೈತಿ ಅಂದ್ನೆಲ್ಲ. ಇನ್ನ ಕೇಳಬ್ಯಾಡ."

ಭಾನುವಾರ ಗರಡಿಯಲ್ಲಿ ಐವತ್ತು ಜನ ಇದ್ದರು. ಶಿಫು ಫೋಟೋದ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲೊಂದು ಸಣ್ಣ ಸ್ಟೂಲ್. ಕ್ರಮ ಸರಳವಾಗಿತ್ತು. ಚಹಾದ ಬಟ್ಟಲು ಹಿಡಿದು ಮುಂದೆ ಹೋಗುವುದು, ಮೊಣಕಾಲೂರಿ ಬಟ್ಟಲನ್ನು ನೆಲಕ್ಕಿಡುವುದು, ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸುವುದು, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕೊಡುವುದು. ಗುರು ಕುಡಿದರೆ ಶಿಷ್ಯೆ. ದೊಡ್ಡವರಿಬ್ಬರದು ಆಯಿತು. ಲೇನಾ ಹೋಗುವಾಗ ಅವಳ ಬಟ್ಟಲು ಕಟಕಟ ಅಂದಿತು, ಜನ ಮೆಲ್ಲಗೆ ನಕ್ಕರು, ಶಿಫು ಕುಡಿದರು. ನಾನು ಹೋದೆ. ಮೊಣಕಾಲೂರಿದೆ, ಬಟ್ಟಲು ಇಟ್ಟೆ, ಎರಡೂ ಅಂಗೈ ನೆಲಕ್ಕೆ ಊರಿದೆ. ಅಲ್ಲಿಗೆ ನಿಂತಿತು.

ಇದನ್ನು ಹಲವು ಸಲ ಬರೆದು ಹರಿದಿದ್ದೇನೆ. ಅದು ದೇವರ ಭಯವಾಗಿತ್ತು ಎಂದು ಬರೆದರೆ ಸುಳ್ಳು, ಹಟ ಎಂದರೂ ಸುಳ್ಳು. ನೆಲದ ಮೇಲೆ ಅಂಗೈ ಊರಿದಾಗ ನನಗೆ ಹೊಳೆದದ್ದು ಇಷ್ಟು: ಅವ್ವ ಒಪ್ಪಿರಲಿಲ್ಲ, ದಣಿದಿದ್ದಳು. ಬಾಗಿದ್ದರೆ ನಾನು ಅವಳ ದಣಿವಿನ ಮೇಲೆ ಕಾಲಿಟ್ಟು ಮುಂದಿನ ಸಾಲಿಗೆ ಹತ್ತಿದ ಹಾಗಾಗುತ್ತಿತ್ತು. ಮೂರು ವರ್ಷ ಅವಳು ತಡೆದಿದ್ದಳು. ಆ ದಿನ ತಡೆಯುವವರು ಯಾರೂ ಇರಲಿಲ್ಲ. ನಾನು ಬಟ್ಟಲನ್ನು ಎತ್ತಿ, ತಲೆ ನೆಟ್ಟಗಿಟ್ಟು, ಶಿಫು ಅವರಿಗೆ ಚಾಚಿದೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಹಬೆ ನಿಲ್ಲುವವರೆಗೆ ಹಿಡಿದುಕೊಂಡಿದ್ದರು. ನನಗೆ ಅಷ್ಟು ಹೊತ್ತು ಕೊಟ್ಟರು ಎಂದು ಈಗ ಅನಿಸುತ್ತದೆ. ಆಮೇಲೆ ಕುಡಿಯದೆ ಅದನ್ನು ಸ್ಟೂಲಿನ ಮೇಲೆ ಇಟ್ಟರು, ಒಂದು ಹನಿ ಚೆಲ್ಲದಂತೆ. ನನಗಷ್ಟೇ ಕೇಳುವ ಹಾಗೆ, ಮಂಗಳವಾರ ಬಾ ಎಂದರು.

ಅವ್ವ ಅಡುಗೆಮನೆಯಲ್ಲಿ ಕಾಯುತ್ತಿದ್ದಳು. ಪಾಯಸ ಮಾಡಿದ್ದಳು.

"ಕುಡದ್ರೇನು?"

"ಇಲ್ಲ. ನಾ ಬಾಗಲಿಲ್ಲ."

"ನಾ ಹೋಗು ಅಂದಿದ್ನೆಲ್ಲ."

"ಅಂದಿದ್ದಿ."

"ಮತ್ತ ಮೂರು ತಿಂಗಳು ನಾ ಒದ್ದಾಡಿದ್ದು ಯಾತಕ್ಕ?"

ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಅವಳು ಕುರ್ಚಿಯ ಮೇಲೆ ಕುಸಿದು ಕೂತು, ಮಗಳು ಎಲ್ಲೋ ಬಿದ್ದು ಗಾಯ ಮಾಡಿಕೊಂಡು ಬಂದಿದ್ದಾಳೆ ಎನ್ನುವ ಹಾಗೆ ನನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿದಳು. ಬಯ್ಯಲು ಅವಳಿಗೆ ಯಾರೂ ಉಳಿದಿರಲಿಲ್ಲ. ಪಾಯಸವನ್ನು ನಾವಿಬ್ಬರೂ ಬುಧವಾರದವರೆಗೆ ತಿಂದೆವು.

ಮಂಗಳವಾರ ಹೋದೆ. ಲೇನಾ ಮುಂದಿನ ಸಾಲಿಗೆ ಹೋಗಿದ್ದಳು, ನಾನು ಹಿಂದೆ ನಿಂತೆ. ಏಳು ವರ್ಷ ಅಲ್ಲೇ ನಿಂತೆ. ನಾನು ಭುಜ ತಿದ್ದಿದ ಮಕ್ಕಳು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಮುಂದೆ ಹೋದರು. ಅವ್ವ ಆ ವಿಷಯ ಮತ್ತೆ ಎತ್ತಲಿಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ಚಹಾದ ಭಾನುವಾರ ಅವಳು ಮನೆಯಲ್ಲಿ ಇರುತ್ತಿರಲಿಲ್ಲ. ಟ್ರಾಮ್ ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ, ಇಳಿಯದೆ ಅದೇ ಟ್ರಾಮಿನಲ್ಲಿ ವಾಪಸ್ ಬರುತ್ತಿದ್ದಳು. ಮೂರನೆಯ ವರ್ಷ ನಾನೂ ಅವಳ ಜೊತೆ ಹೋದೆ. ಕೊನೆಯ ನಿಲ್ದಾಣದಲ್ಲಿ ಚಾಲಕ ಕೆಳಗಿಳಿದು ಸಿಗರೇಟು ಹಚ್ಚಿದ. ಖಾಲಿ ಬೋಗಿಯಲ್ಲಿ ನಾವಿಬ್ಬರೇ ಅಕ್ಕಪಕ್ಕ ಕೂತಿದ್ದೆವು.

"ಈಗ ಮುಗದಿರಬೇಕು," ಎಂದಳು ಅವ್ವ.

ನಾನು ಗಡಿಯಾರ ನೋಡಿ, ಇನ್ನೂ ಇಲ್ಲ ಎಂದೆ.